ಬಿ.ಎಡ್ ಮಾಡ್ತಿರೋರು ಕಲ್ಲು ನೋಡೋಕೆ ಹೋಗೋದು ಹೇಗೆ: ತೀರ್ಥಹಳ್ಳಿ-ಆಗುಂಬೆ ಕಡೆ ಒಂದು ದಿನದ ಫೀಲ್ಡ್ ಟ್ರಿಪ್‌ಗೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಡಿಸೆಂಬರ್ ಬಂತು ಅಂದ್ರೆ ಶಿವಮೊಗ್ಗ ಕಡೆಯ ಬಿ.ಎಡ್ ವಿದ್ಯಾರ್ಥಿಗಳು ಒಂದು ಬಸ್ ಮಾಡ್ಕೊಂಡು ಭೂವಿಜ್ಞಾನದ ಫೀಲ್ಡ್ ಟ್ರಿಪ್ ಅಂತ ಹೊರಡ್ತಾರೆ, ವಾಪಸ್ ಬಂದು ರಿಪೋರ್ಟ್ ಬರೆಯೋಕೆ ಕೂತಾಗ ಕೈಯಲ್ಲಿ ಏನೂ ಇರಲ್ಲ. ಫೋನಲ್ಲಿ ಇನ್ನೂರು ಫೋಟೋ, ಒಂದು ಚೀಲ ಕಲ್ಲು, ಯಾವ ಕಲ್ಲು ಎಲ್ಲಿಂದ ಬಂತು ಅಂತ ಯಾರಿಗೂ ಗೊತ್ತಿಲ್ಲ. ನನಗೂ ಬಿ.ಎಡ್ ವರ್ಷದಲ್ಲಿ ಇದೇ ಆಗಿತ್ತು. 22 ಕಲ್ಲು ತಂದಿದ್ದೆ, ಮೇಷ್ಟ್ರು ಅದರಲ್ಲಿ ಒಂದನ್ನ ಎತ್ತಿ "ಇದು ಹೊಳೆಯ ಯಾವ ದಡದ್ದು, ನೆಲಕ್ಕೆ ಅಂಟಿದ್ದ ಬಂಡೆಯಿಂದ ಬಂದಿದ್ದಾ ಅಥವಾ ಸುಮ್ಮನೆ ಬಿದ್ದಿದ್ದಾ" ಅಂತ ಕೇಳಿದ್ರು, ಒಂದಕ್ಕೂ ಉತ್ತರ ಇರಲಿಲ್ಲ, 22 ಕಲ್ಲನ್ನೂ ಕಾಲೇಜಿನ ಹಿಂದೆ ಹಾಕಿ ಬಂದೆ. ಅವತ್ತಿನ ಬೇಜಾರು ಇನ್ನೂ ಇದೆ. ಈಗ ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡ್ತೀನಿ, ಟ್ರೈನಿಂಗ್‌ಗೆ ಬರೋರ ಜೊತೆ ಫೀಲ್ಡ್‌ಗೂ ಹೋಗ್ತೀನಿ, ಅವರು ಎಡವೋದು ಅದೇ ಜಾಗದಲ್ಲಿ.

ಎಡವೋದು ಎಲ್ಲಿ ಅಂದ್ರೆ ಕ್ರಮದಲ್ಲಿ. ಬಸ್ಸಿಂದ ಇಳಿದ ತಕ್ಷಣ "ಸರ್ ಇದು ಯಾವ ಕಲ್ಲು" ಅಂತ ಶುರು ಮಾಡ್ತಾರೆ. ಹೆಸರು ಕೊನೆಗೆ ಬರಬೇಕು. ಮೊದಲು ಜಾಗ, ಆಮೇಲೆ ದೂರದಿಂದ ನೋಟ, ಚಿತ್ರ, ಹತ್ತಿರದ ನೋಟ, ಪರೀಕ್ಷೆ, ಬರವಣಿಗೆ, ಅದೆಲ್ಲ ಆದ್ಮೇಲೆ ಹೆಸರು. ಹೆಸರು ಒಂದ್ಸಲ ಸಿಕ್ಕಿಬಿಟ್ರೆ ಮತ್ತೆ ಯಾರೂ ಕಲ್ಲನ್ನ ನೋಡೋದೇ ಇಲ್ಲ, ಇದನ್ನ ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

ಕೆಳಗೆ ಬರೆದಿರೋದು ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಆಗುಂಬೆಗೆ ಹೋಗಿ ಬರೋ ಒಂದು ದಿನದ ಟ್ರಿಪ್ಪಿಗೆ, ಹೋಗ್ತಾ ಸುಮಾರು 90 ಕಿಲೋಮೀಟರ್. ಬೇರೆ ದಾರಿ ಹಿಡಿದ್ರೂ ಕ್ರಮ ಇದೇ.

## ಹಂತ 1: ಮೂರೇ ಸ್ಟಾಪ್ ಇಟ್ಕೊಳ್ಳಿ

ಸಕ್ರೆಬೈಲು ಆನೆ ಬಿಡಾರ, ಮಂಡಗದ್ದೆ ಹಕ್ಕಿ, ಕವಲೇದುರ್ಗ, ಕುಂದಾದ್ರಿ, ಆಗುಂಬೆ ಸೂರ್ಯಾಸ್ತ, ಸಾಧ್ಯ ಆದ್ರೆ ಶೃಂಗೇರಿ ಊಟ ಅಂತ ಪಟ್ಟಿ ಮಾಡಿದ್ರೆ ಅದು ಟೂರ್. ಟೂರ್ ಮಾಡ್ಬೇಡಿ ಅಂತ ಹೇಳ್ತಿಲ್ಲ, ಅದಕ್ಕೆ ಬೇರೆ ದಿನ ಇಟ್ಕೊಳ್ಳಿ. ಕಲ್ಲು ನೋಡೋ ದಿನಕ್ಕೆ ಮೂರು ಜಾಗ ಸಾಕು, ಒಂದೊಂದೂ ಬೇರೆ ಬೇರೆ ಕಥೆ ಹೇಳೋ ಥರ ಆರಿಸ್ಕೋಬೇಕು.

ನಾನು ಹೇಳೋ ಮೂರು ಇವು. ಒಂದು, ತೀರ್ಥಹಳ್ಳಿಯಲ್ಲಿ ತುಂಗಾ ಹೊಳೆಯ ಬಂಡೆ ಹಾಸು, ಅಲ್ಲಿ ಪಟ್ಟೆ ಪಟ್ಟೆ ಇರೋ ನೈಸ್ ಅನ್ನೋ ಕಲ್ಲು ಮತ್ತು ನೀರು ಕೊರೆದ ಗುಂಡಿಗಳು. ಎರಡು, ತೀರ್ಥಹಳ್ಳಿ ಸುತ್ತ ರಸ್ತೆ ಅಗಲ ಮಾಡೋಕೆ ಗುಡ್ಡ ಕಡಿದಿರೋ ಕಡೆ ಅಥವಾ ಕೆಲಸ ನಿಲ್ಸಿರೋ ಜಂಬಿಟ್ಟಿಗೆ ಕಲ್ಲಿನ (ತೂತು ತೂತಾದ ಕೆಂಪುಕಲ್ಲು) ಕ್ವಾರಿ. ಮೂರು, ಆಗುಂಬೆಯ ಘಟ್ಟದ ಅಂಚು. ಮೊದಲನೇದ್ರಲ್ಲಿ ಕಲ್ಲು ಹುಟ್ಟಿದ್ದು, ಎರಡನೇದ್ರಲ್ಲಿ ಕಲ್ಲು ಕೊಳೆತು ಮಣ್ಣಾಗೋದು, ಮೂರನೇದ್ರಲ್ಲಿ ನೆಲದ ಆಕಾರ. ಮಕ್ಕಳಿಗೆ ಶಿಲಾಗೋಳದ ಪಾಠ ಮಾಡುವಾಗ ಬೇಕಾಗೋದು ಈ ಮೂರೇ.

ಟೈಮ್ ಹೀಗೆ ಹಂಚಿ: ಬೆಳಿಗ್ಗೆ 7ಕ್ಕೆ ಶಿವಮೊಗ್ಗ ಬಿಡಿ, ಹೊಳೆ ಹತ್ರ ಎರಡು ಗಂಟೆ, ಜಂಬಿಟ್ಟಿಗೆ ಹತ್ರ ಒಂದೂವರೆ ಗಂಟೆ, ಊಟ, ಆಗುಂಬೆಯಲ್ಲಿ ಒಂದು ಗಂಟೆ. ಹೊಳೆ ಬಿಸಿಲು ಏರೋಕೆ ಮುಂಚೆ ಆಗ್ಬೇಕು, ಮಧ್ಯಾಹ್ನ ಬಂಡೆ ಮೇಲೆ ಕಾಲಿಡೋಕೆ ಆಗಲ್ಲ, ಕಣ್ಣು ಕುಕ್ಕತ್ತೆ, ಪಟ್ಟೆಗಳೂ ಸರಿಯಾಗಿ ಕಾಣಲ್ಲ.

ಮುಂಚೆ ಒಂದ್ಸಲ ಇಬ್ಬರು ಬೈಕಲ್ಲಿ ಹೋಗಿ ನೋಡ್ಕೊಂಡು ಬನ್ನಿ. ಹೋದ ವರ್ಷ ಇದ್ದ ರಸ್ತೆ ಕಡಿತ ಈ ವರ್ಷ ಹುಲ್ಲು ಬೆಳ್ಕೊಂಡು ಮುಚ್ಚಿರತ್ತೆ ಅಥವಾ ಕಾಂಕ್ರೀಟ್ ಗೋಡೆ ಎದ್ದಿರತ್ತೆ.

## ಹಂತ 2: ಕಾಲ ಮತ್ತು ಪರ್ಮಿಷನ್

ಜೂನ್‌ನಿಂದ ಅಕ್ಟೋಬರ್ ತನಕ ಬೇಡ. ಹೊಳೆ ತುಂಬಿ ಬಂಡೆಗಳೆಲ್ಲ ಮುಳುಗಿರತ್ವೆ, ಇಂಬಳದ ಕಾಟ ಬೇರೆ. ನವೆಂಬರ್ ಕೊನೆಯಿಂದ ಫೆಬ್ರವರಿ ಒಳ್ಳೇ ಕಾಲ. ಎಳ್ಳಮಾವಾಸ್ಯೆ ಹತ್ರ ಮಾತ್ರ ತೀರ್ಥಹಳ್ಳಿ ಬೇಡ, ಜಾತ್ರೆ ಜನದಲ್ಲಿ ಬಂಡೆ ಮೇಲೆ ನಿಲ್ಲೋಕೂ ಜಾಗ ಇರಲ್ಲ.

ಆದ್ರೆ ಈ ಒಳ್ಳೇ ಕಾಲಾನೇ ಮಂಗನ ಕಾಯಿಲೆ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆ ಆಗಿದ್ದು, ಈಗ್ಲೂ ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಬರ್ತಾನೇ ಇರತ್ತೆ, ಹರಡೋದು ಕಾಡಿನ ಉಣುಗಿನಿಂದ. ಹೊರಡೋಕೆ ಒಂದು ವಾರ ಮುಂಚೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಈ ಸಲ ಕೇಸ್ ಇದ್ಯಾ ಅಂತ ಕೇಳಿ, ಇದ್ರೆ ಆ ಕಡೆ ಹೋಗ್ಬೇಡಿ. ಹೋಗೋದಾದ್ರೆ ತುಂಬು ತೋಳಿನ ಶರ್ಟು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ, ಉಣುಗು ಹತ್ತದ ಹಾಗೆ ಹಚ್ಚೋ ಡೇಪಾ ಎಣ್ಣೆ ಸಿಕ್ಕಿದ್ರೆ ಕೈಕಾಲಿಗೆ. ದರಗಿನ ಮೇಲೆ ಕೂತು ಊಟ ಮಾಡ್ಬೇಡಿ. ಸತ್ತ ಮಂಗ ಕಂಡ್ರೆ ಹತ್ರ ಹೋಗ್ದೆ ಆರೋಗ್ಯ ಇಲಾಖೆಗೆ ತಿಳ್ಸಿ. ಮನೆಗೆ ಹೋದ ತಕ್ಷಣ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ, ಮುಂದಿನ ಒಂದೆರಡು ವಾರದಲ್ಲಿ ಇದ್ದಕ್ಕಿದ್ದಂಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದ್ರೆ ಮಾತ್ರೆ ನುಂಗಿ ಮಲಗ್ಬೇಡಿ, ಆಸ್ಪತ್ರೆಗೆ ಹೋಗಿ "ಕಾಡಿನ ಕಡೆ ಹೋಗಿದ್ದೆ" ಅಂತ ಬಾಯಿಬಿಟ್ಟು ಹೇಳಿ. ಆ ಒಂದು ಮಾತು ಹೇಳದೇ ಇದ್ರೆ ಡಾಕ್ಟರಿಗೆ ಹೊಳೆಯೋದು ತಡ ಆಗಬಹುದು.

ಪರ್ಮಿಷನ್ ವಿಷ್ಯ ಇಷ್ಟೇ: ಕಾಲೇಜಿನ ಲೆಟರ್ ಎರಡು ವಾರ ಮುಂಚೆ ಅರಣ್ಯ ಇಲಾಖೆಯ ವಲಯ ಕಚೇರಿಗೆ, ಕ್ವಾರಿ ಆದ್ರೆ ಅದರ ಓನರ್‌ಗೆ. ಅಭಯಾರಣ್ಯದೊಳಗೆ ಕಲ್ಲು ಒಡೆಯೋದು, ತರೋದು ಎರಡೂ ಕೂಡದು. ದೇವಸ್ಥಾನದ ಹತ್ರ, ಕೋಟೆ ಹತ್ರ ಸುತ್ತಿಗೆ ಚೀಲದಿಂದ ಹೊರಗೇ ಬರಬಾರದು.

## ಹಂತ 3: ಏನೇನು ತಗೊಂಡು ಹೋಗ್ಬೇಕು

ಗಟ್ಟಿ ರಟ್ಟಿನ ಪುಸ್ತಕ ಮತ್ತು ಪೆನ್ಸಿಲ್. ಜೆಲ್ ಪೆನ್ ಬೇಡ, ಒಂದು ಹನಿ ನೀರು ಬಿದ್ರೆ ಪುಟ ಪೂರ್ತಿ ಹೋಗತ್ತೆ. 10 ಪಟ್ಟು ದೊಡ್ಡದು ಮಾಡಿ ತೋರ್ಸೋ ಲೆನ್ಸ್ ಗುಂಪಿಗೆ ಒಂದಾದ್ರೂ ಇರಬೇಕು. ಇದನ್ನ ಉಪಯೋಗ್ಸೋ ರೀತಿ ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಿಲ್ಲ: ಲೆನ್ಸನ್ನ ಕಲ್ಲಿನ ಮೇಲೆ ಹಿಡಿದು ದೂರದಿಂದ ನೋಡೋದಲ್ಲ, ಕಣ್ಣಿಗೆ ಒತ್ತಿಟ್ಕೊಂಡು ಕಲ್ಲನ್ನ ಮುಖದ ಹತ್ರ ತರಬೇಕು, ಎರಡೂವರೆ ಸೆಂಟಿಮೀಟರ್ ಹತ್ರ ಬಂದಾಗ ಕಾಳುಗಳು ಸ್ಪಷ್ಟ ಆಗತ್ವೆ.

ಭೂವಿಜ್ಞಾನದ ಸುತ್ತಿಗೆ ಗುಂಪಿಗೆ ಒಂದು. ಬಡಗಿ ಸುತ್ತಿಗೆ ತರ್ಬೇಡಿ, ಗಟ್ಟಿ ಕಲ್ಲಿಗೆ ಹೊಡೆದ್ರೆ ಅದರ ತಲೆಯಿಂದಾನೇ ಚೂರು ಹಾರತ್ತೆ. ಜೊತೆಗೆ ಕಣ್ಣಿಗೆ ಕನ್ನಡಕ, ಲ್ಯಾಬಿಂದು ಪ್ಲಾಸ್ಟಿಕ್ ಆದ್ರೂ ಪರವಾಗಿಲ್ಲ.

ಪರೀಕ್ಷೆಗೆ: ಒಂದು ಆಯಸ್ಕಾಂತ, ಒಂದು ಗಾಜಿನ ಚೂರು ಅಂಚಿಗೆ ಟೇಪ್ ಸುತ್ತಿದ್ದು, ಸ್ಟೀಲ್ ಚಾಕು, ಮೆರುಗು ಇಲ್ಲದ ಬಿಳಿ ಟೈಲ್ಸ್ ತುಂಡು (ಬಾತ್‌ರೂಮ್ ಟೈಲ್ಸಿನ ಹಿಂಭಾಗ ಸಾಕು), ಡ್ರಾಪರ್ ಬಾಟಲಿಯಲ್ಲಿ ತೆಳು ಹೈಡ್ರೋಕ್ಲೋರಿಕ್ ಆಸಿಡ್. ಆಸಿಡ್ ಲ್ಯಾಬಲ್ಲೇ ತಯಾರಾಗಿ ಬರಲಿ, ಮೇಷ್ಟ್ರ ಕೈಯಲ್ಲೇ ಇರಲಿ. ಗಡಸುತನಕ್ಕೆ ತಾಮ್ರದ ನಾಣ್ಯ ಅಂತ ಹಳೇ ಪುಸ್ತಕಗಳಲ್ಲಿ ಇರತ್ತೆ, ಈಗಿನ ನಮ್ಮ ಒಂದು ರೂಪಾಯಿ, ಎರಡು ರೂಪಾಯಿ ಸ್ಟೀಲ್‌ನವು, ಅದರಲ್ಲಿ ಗೀಚಿ ತಾಮ್ರದ ಲೆಕ್ಕ ಬರ್ದ್ರೆ ಉತ್ತರ ತಪ್ಪತ್ತೆ. ಬದಲಿಗೆ ವೈರಿಂಗಿನ ತಾಮ್ರದ ತಂತಿ ದಪ್ಪದ್ದು ಒಂದು ತುಂಡು ಇಟ್ಕೊಳ್ಳಿ.

ಇಳಿಜಾರು ಅಳೆಯೋಕೆ ದುಡ್ಡು ಕೊಟ್ಟು ಏನೂ ತಗೋಬೇಕಾಗಿಲ್ಲ. ಜಾಮಿಟ್ರಿ ಬಾಕ್ಸಿನ ಕೋನಮಾಪಕದ ನೇರ ಅಂಚಿನ ನಡುವೆ ಇರೋ ತೂತಿಗೆ ದಾರ ಕಟ್ಟಿ, ದಾರದ ತುದಿಗೆ ಒಂದು ನಟ್. ನೇರ ಅಂಚು ಮೇಲೆ, ಕಮಾನು ಕೆಳಗೆ ಬರೋ ಹಂಗೆ ಹಿಡಿದ್ರೆ ದಾರ 90ರ ಮೇಲೆ ನಿಲ್ಲತ್ತೆ. ಬಂಡೆ ಪಕ್ಕದಲ್ಲಿ ಕೂತು ಅಂಚನ್ನ ಇಳಿಜಾರಿನ ಗೆರೆಗೆ ಸರಿಯಾಗಿ ಹೊಂದಿಸಿದ್ರೆ ದಾರ ಬೇರೆ ಅಂಕಿಗೆ ಹೋಗತ್ತೆ, ಅದಕ್ಕೂ 90ಕ್ಕೂ ಇರೋ ವ್ಯತ್ಯಾಸಾನೇ ಇಳಿಜಾರಿನ ಕೋನ. ನಾಳೆ ನಿಮ್ಮ ಕ್ಲಾಸಿನ ಮಕ್ಕಳೂ ಇದನ್ನ ಮಾಡ್ಬಹುದು, ಅದಕ್ಕೇ ನನಗೆ ದುಬಾರಿ ಕಂಪಾಸ್‌ಗಿಂತ ಇದು ಇಷ್ಟ.

ಇನ್ನುಳಿದಂತೆ ದಿಕ್ಸೂಚಿ, ಟೇಪು, ಹಳೇ ನ್ಯೂಸ್ ಪೇಪರ್, ಬಟ್ಟೆ ಚೀಲ, ಪರ್ಮನೆಂಟ್ ಮಾರ್ಕರ್, ವೈಟ್ನರ್, ಫಸ್ಟ್ ಏಡ್, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಮ್ಯಾಪನ್ನ ಫೋನಿಗೆ ಮುಂಚೆನೇ ಇಳಿಸ್ಕೊಳ್ಳಿ, ಆಗುಂಬೆ ಕಡೆ ಸಿಗ್ನಲ್ ನಂಬೋಕಾಗಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ಪೋರ್ಟಲಲ್ಲಿ ಭೂವಿಜ್ಞಾನ ನಕ್ಷೆ ಸಿಗತ್ತೆ, ನಿಮ್ಮ ಮೂರು ಸ್ಟಾಪ್ ಅದರಲ್ಲಿ ಯಾವ ಬಣ್ಣದ ಮೇಲೆ ಬೀಳತ್ತೆ ಅಂತ ಮೊದಲೇ ಗುರುತು ಮಾಡ್ಕೊಂಡು ಪ್ರಿಂಟ್ ತಗೊಳ್ಳಿ.

## ಹಂತ 4: ಐದೈದು ಜನರ ಗುಂಪು, ಐದು ಕೆಲಸ

ಒಬ್ಬರು ಬರೆಯೋದು, ಒಬ್ಬರು ಅಳೆಯೋದು, ಒಬ್ಬರು ಫೋಟೋ, ಒಬ್ಬರು ಸ್ಯಾಂಪಲ್ ಮತ್ತು ಪರೀಕ್ಷೆ, ಐದನೆಯವರು ಬರೀ ಕಾವಲು. ಕಾವಲು ಅಂದ್ರೆ ರಸ್ತೆ ಕಡೆ ಗಾಡಿ ಬರ್ತಿದ್ಯಾ, ಮೇಲಿಂದ ಕಲ್ಲು ಉದುರ್ತಿದ್ಯಾ, ನೀರಿನ ಹತ್ರ ಯಾರು ಹೋದ್ರು ಅಂತ ನೋಡೋದು. ಎಲ್ಲರೂ ಬಗ್ಗಿ ಕಲ್ಲು ನೋಡ್ತಿರುವಾಗ ತಲೆ ಎತ್ತಿ ನಿಂತಿರೋ ಒಬ್ಬರು ಇರಲೇಬೇಕು. ಪ್ರತಿ ಸ್ಟಾಪಿಗೂ ಕೆಲಸ ಬದಲಾಯ್ಸಿ, ಇಲ್ಲಾಂದ್ರೆ ಚೆನ್ನಾಗಿ ಬರೆಯೋ ಹುಡುಗಿ ಇಡೀ ದಿನ ಬರೀತಾನೇ ಇರ್ತಾಳೆ, ಸುತ್ತಿಗೆ ಅವಳ ಕೈಗೆ ಬರೋದೇ ಇಲ್ಲ.

## ಹಂತ 5: ಯಾವ ಸ್ಟಾಪ್ ಆದ್ರೂ ಮೊದಲ ಹದಿನೈದು ನಿಮಿಷ

ಇದು ಇಡೀ ಲೇಖನದಲ್ಲಿ ಮುಖ್ಯ ಭಾಗ, ಬೇರೆ ಏನು ಮರೆತ್ರೂ ಇದನ್ನ ಮರೀಬೇಡಿ.

ಬಸ್ಸಿಂದ ಇಳಿದು ಬಂಡೆಗೆ ಹತ್ತಿರ ಹೋಗ್ಬೇಡಿ. ಹತ್ತಿಪ್ಪತ್ತು ಮೀಟರ್ ದೂರದಲ್ಲೇ ನಿಂತ್ಕೊಳ್ಳಿ. ಪುಸ್ತಕದಲ್ಲಿ ಸ್ಟಾಪ್ ನಂಬರ್, ಟೈಮು, ಫೋನ್ ತೋರ್ಸೋ ಅಕ್ಷಾಂಶ ರೇಖಾಂಶ ಬರೀರಿ, ಫೋಟೋದಲ್ಲಿ ಇರತ್ತೆ ಬಿಡಿ ಅನ್ಬೇಡಿ, ಫೋನ್ ಸತ್ರೆ ಎಲ್ಲ ಹೋಯ್ತು. ಉತ್ತರ ದಿಕ್ಕು ಯಾವುದು ಅಂತ ಗೊತ್ತು ಮಾಡ್ಕೊಂಡು ಪುಟದ ಮೂಲೆಯಲ್ಲಿ ಬಾಣ ಹಾಕಿ.

ಆಮೇಲೆ ಚಿತ್ರ ಬರೀರಿ. "ನನಗೆ ಡ್ರಾಯಿಂಗ್ ಬರಲ್ಲ ಸರ್" ಅಂತ ಎಲ್ಲರೂ ಹೇಳ್ತಾರೆ. ಚಂದ ಬೇಕಾಗಿಲ್ಲ. ಬಂಡೆಯ ಹೊರ ಆಕಾರ, ಅದರಲ್ಲಿ ಕಾಣೋ ದೊಡ್ಡ ಗೆರೆಗಳು ಯಾವ ಕಡೆ ವಾಲಿವೆ, ಎಲ್ಲಿ ಬಿರುಕು, ಎಲ್ಲಿ ಬಣ್ಣ ಬದಲು, ಪಕ್ಕದಲ್ಲಿ ನಿಂತ ಗೆಳೆಯನ ಎತ್ತರ ಅಳತೆಗೆ, ಅಷ್ಟೇ. ಫೋಟೋ ಎಲ್ಲಾನೂ ಒಂದೇ ಸಮ ತೋರ್ಸತ್ತೆ, ಚಿತ್ರ ಬರೆಯೋಕೆ ಕೂತಾಗ ಯಾವುದು ಮುಖ್ಯ ಯಾವುದು ಅಲ್ಲ ಅಂತ ನಾವೇ ನಿರ್ಧಾರ ಮಾಡ್ಬೇಕಾಗತ್ತೆ, ಆವಾಗ್ಲೇ ಕಣ್ಣು ಕೆಲಸ ಮಾಡೋದು.

ಇನ್ನೊಂದು ಪ್ರಶ್ನೆ ದೂರದಿಂದಾನೇ ಬಗೆಹರಿಸ್ಕೊಳ್ಳಿ: ಈ ಕಲ್ಲು ನೆಲಕ್ಕೆ ಬೇರು ಬಿಟ್ಟಿದ್ದಾ ಅಥವಾ ಬಂದು ಬಿದ್ದಿದ್ದಾ? ಹೊಳೆ ತಂದ ಉರುಟು ಕಲ್ಲು, ರಸ್ತೆ ಕೆಲಸಕ್ಕೆ ಲಾರಿಯಲ್ಲಿ ಬಂದ ಜಲ್ಲಿ, ತಡೆಗೋಡೆಗೆ ತಂದ ಸೈಜುಗಲ್ಲು ಇದ್ಯಾವುದೂ ಆ ಜಾಗದ ಕಲ್ಲಲ್ಲ. ಒಂದು ಗುಂಪು ರಸ್ತೆ ಪಕ್ಕದ ಜಲ್ಲಿ ರಾಶಿಯಿಂದ ಸ್ಯಾಂಪಲ್ ಎತ್ಕೊಂಡು ಬಂದು "ಇಲ್ಲಿನ ಶಿಲೆ" ಅಂತ ಎರಡು ಪುಟ ಬರೆದಿದ್ದನ್ನ ನಾನೇ ನೋಡಿದೀನಿ.

## ಹಂತ 6: ಸ್ಟಾಪ್ ಒಂದು, ತುಂಗಾ ಹೊಳೆಯ ಬಂಡೆ

ತೀರ್ಥಹಳ್ಳಿಯ ರಾಮೇಶ್ವರ ದೇವಸ್ಥಾನದ ಹತ್ರ ಹೊಳೆ ಹಾಸುಬಂಡೆಗಳ ನಡುವೆ ಹರಿಯತ್ತೆ. ನೀರು ತೊಳೆದಿರೋ ಬಂಡೆ ಆದ್ದರಿಂದ ಒಡೆಯೋದೇ ಬೇಡ, ಹೊಸ ಮೈ ಕಾಣ್ತಾನೇ ಇರತ್ತೆ. ಸುತ್ತಿಗೆ ಬಸ್ಸಲ್ಲೇ ಬಿಡಿ.

ಮಂಡಿಯೂರಿ ಕೂತು ನೋಡಿ. ಬಿಳಿ-ಬೂದು ಪಟ್ಟೆ, ಕಪ್ಪು ಪಟ್ಟೆ, ಮತ್ತೆ ಬಿಳಿ. ಬಿಳಿ ಪಟ್ಟೆಗೆ ಲೆನ್ಸ್ ಹಿಡಿದ್ರೆ ಎರಡು ಥರ ಕಾಳು ಕಾಣತ್ತೆ. ಒಂದು ಗಾಜಿನ ಚೂರಿನ ಥರ, ಎಲ್ಲಿ ಒಡೆದ್ರೂ ವಕ್ರ ವಕ್ರ, ಅದು ಬೆಣಚು. ಇನ್ನೊಂದು ಹಾಲಿನ ಬಣ್ಣ ಅಥವಾ ತಿಳಿ ಗುಲಾಬಿ, ತಲೆಯನ್ನ ಸ್ವಲ್ಪ ಆ ಕಡೆ ಈ ಕಡೆ ಆಡಿಸಿದ್ರೆ ಅದರ ಚಪ್ಪಟೆ ಮುಖ ಪಳಕ್ ಅಂತ ಒಂದ್ಸಲ ಹೊಳೆದು ಆರತ್ತೆ, ಅದು ಫೆಲ್ಡ್‌ಸ್ಪಾರ್. ಎರಡೂ ಗಾಜನ್ನ ಗೀಚತ್ವೆ, ಹಾಗಾಗಿ ಬರೀ ಗಡಸುತನದಿಂದ ಬೇರೆ ಮಾಡೋಕೆ ಹೋಗ್ಬೇಡಿ, ಆ ಹೊಳಪನ್ನ ನೋಡಿ. ಕಪ್ಪು ಪಟ್ಟೆಯಲ್ಲಿ ತೆಳು ಹಾಳೆ ಥರ ಉಗುರಿಗೆ ಎದ್ದು ಬರೋದು ಕಪ್ಪು ಅಭ್ರಕ, ಅಂದ್ರೆ ನಮ್ಮ ಕಾಗೆಬಂಗಾರದ ಜಾತಿ. ಇದು ಬಿಸಿಲು ಮಳೆಗೆ ಹಳಸಿದಾಗ ಹಳದಿ ತಿರುಗಿ ಮಿಂಚತ್ತೆ, ಪ್ರತಿ ಟ್ರಿಪ್ಪಲ್ಲೂ ಯಾರಾದ್ರೂ ಒಬ್ಬರು ಚಿನ್ನ ಸಿಕ್ತು ಅಂತ ಓಡಿ ಬರ್ತಾರೆ.

ಇಲ್ಲಿ ಆಗೋ ದೊಡ್ಡ ತಪ್ಪು ಒಂದೇ. ಪಟ್ಟೆ ನೋಡಿ "ಪದರ ಪದರ ಇದೆ, ಹಾಗಾಗಿ ಇದು ಜಲಜ ಶಿಲೆ, ಹೊಳೆ ಹೂಳು ಕೂತು ಆಗಿದ್ದು" ಅಂತ ಬರೆಯೋದು, ಅದೂ ಹೊಳೆ ಪಕ್ಕದಲ್ಲೇ ಇರೋದ್ರಿಂದ ಇನ್ನೂ ಸುಲಭಕ್ಕೆ ನಂಬಿಕೆ ಬಂದ್ಬಿಡತ್ತೆ. ಇದು ನೈಸ್, ರೂಪಾಂತರ ಶಿಲೆ. ನೆಲದಾಳದ ಶಾಖ, ಒತ್ತಡಕ್ಕೆ ಕಾಳುಗಳು ಮತ್ತೆ ಹರಳಾಗಿ ಸಾಲು ಹಿಡಿದು ಪಟ್ಟೆ ಆಗಿರೋದು. ಗುರುತು ಹಿಡಿಯೋದು ಹೇಗೆ: ಮರಳುಗಲ್ಲಲ್ಲಿ ಕಾಳು ಕಾಳು ಬೇರೆ ಬೇರೆ ಇದ್ದು ನಡುವೆ ಅಂಟು ಇರತ್ತೆ, ಇಲ್ಲಿ ಕಾಳುಗಳು ಒಂದರೊಳಗೊಂದು ಹಲ್ಲು ಕಚ್ಚಿದ ಹಾಗೆ ಕೂತಿರತ್ವೆ, ಸಂದಿ ಇಲ್ಲ. ಪಟ್ಟೆಗಳೂ ಒಂದೇ ದಪ್ಪ ಇರಲ್ಲ, ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸಣ್ಣಗಾಗಿ ಮಾಯ ಆಗತ್ವೆ, ಕೆಲವು ಕಡೆ ಮಡಚ್ಕೊಂಡಿರತ್ವೆ. ನಮ್ಮ ಪಶ್ಚಿಮ ಕರ್ನಾಟಕದ ಈ ಪರ್ಯಾಯದ್ವೀಪ ನೈಸ್‌ನಲ್ಲಿ ಬಹುಪಾಲು 300 ಕೋಟಿ ವರ್ಷಕ್ಕೂ ಹಳೇದು, ಭೂಮಿಗೇ ವಯಸ್ಸು ಸುಮಾರು 450 ಕೋಟಿ. ಆ ಬಂಡೆ ಮೇಲೆ ಕೈಯಿಟ್ಟು ಈ ಅಂಕಿ ಹೇಳಿದಾಗ ಆಗೋ ಮೌನ ಕ್ಲಾಸ್‌ರೂಮಲ್ಲಿ ಎಷ್ಟು ಕಿರುಚಿದ್ರೂ ಆಗಲ್ಲ.

ಈಗ ಪಟ್ಟೆಗಳನ್ನ ಅಡ್ಡ ಕತ್ತರಿಸ್ಕೊಂಡು ಹೋಗೋ ಬಿಳಿ ನಾಳ ಹುಡುಕಿ. ಸಿಕ್ಕಿದ್ರೆ ಕೇಳಿ: ಯಾವುದು ಮೊದಲು, ಯಾವುದು ಆಮೇಲೆ? ಕತ್ತರಿಸೋದು ಯಾವತ್ತೂ ಕತ್ತರಿಸಿಕೊಂಡಿದ್ದಕ್ಕಿಂತ ಚಿಕ್ಕದು, ವಯಸ್ಸಲ್ಲಿ. ಬಿಳಿ ನಾಳದ ಮೇಲೆ ಒಂದು ಹನಿ ಆಸಿಡ್ ಹಾಕಿ, ಬೆಣಚು ಆದ್ರೆ ಬುರುಗು ಬರಲ್ಲ, ಕ್ಯಾಲ್ಸೈಟ್ (ಸುಣ್ಣದ ಖನಿಜ) ಆದ್ರೆ ಚರ್ ಅಂತ ಬರತ್ತೆ. ಬರಲಿಲ್ಲ ಅಂತಾನೂ ಬರ್ಕೊಳ್ಳಿ, "ಇಲ್ಲ" ಅನ್ನೋದೂ ಉತ್ತರಾನೇ.

ಪಟ್ಟೆಯ ದಿಕ್ಕು, ವಾಲು ಅಳೆಯೋದು ಎಲ್ಲರಿಗೂ ಕಷ್ಟ ಆಗೋ ಜಾಗ. ನಮ್ಮ ಹೆಂಚಿನ ಮನೆ ಮಾಡು ನೆನೆಸ್ಕೊಳ್ಳಿ. ಮಾಡಿನ ನೆತ್ತಿ ಉದ್ದಕ್ಕೂ ಸಮವಾಗಿ ಹೋಗೋ ಗೆರೆ ಇದ್ಯಲ್ಲ ಅದು ಸ್ಟ್ರೈಕ್. ಮಳೆನೀರು ಇಳಿಯೋ ದಿಕ್ಕು ಡಿಪ್, ಎಷ್ಟು ಕಡಿದಾಗಿ ಇಳಿಯತ್ತೆ ಅನ್ನೋದು ಡಿಪ್ ಕೋನ. ಪಟ್ಟೆಯ ಮೈ ಚಪ್ಪಟೆಯಾಗಿ ತೆರೆದಿರೋ ಜಾಗ ಹುಡುಕಿ ಬಾಟಲಿಯಿಂದ ಸ್ವಲ್ಪ ನೀರು ಹಾಕಿ, ಅದು ಹರಿದ ಗೆರೆಗೆ ಚಾಕ್‌ಪೀಸಲ್ಲಿ ಗುರುತು ಮಾಡಿ, ಅದಕ್ಕೆ ಲಂಬವಾಗಿ ಇನ್ನೊಂದು ಗೆರೆ. ಎರಡಕ್ಕೂ ದಿಕ್ಸೂಚಿ ಇಡಿ, ನೀರಿನ ಗೆರೆ ಮೇಲೆ ದಾರದ ಕೋನಮಾಪಕ ಹಿಡೀರಿ. ಮೂರು ಕಡೆ ಅಳತೆ ತಗೊಳ್ಳಿ, ಒಂದೇ ಕಡೆ ಅಳೆದು ಬರ್ದ್ರೆ ಅದು ಬಂಡೆಯ ಉಬ್ಬು ತಗ್ಗಿನ ಅಳತೆ ಆಗಿರಬಹುದು. ಫೋನಿನ ದಿಕ್ಸೂಚಿ ಬಳಸೋರು ಕವರ್ ತೆಗೀರಿ, ಅದರಲ್ಲಿ ಆಯಸ್ಕಾಂತ ಇದ್ರೆ ಉತ್ತರ ಎಲ್ಲೆಲ್ಲೋ ತೋರ್ಸತ್ತೆ. ಇನ್ನೊಂದು ಟ್ರಿಪ್ಪಿಗೆ ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ ಕಡೆ ಕಬ್ಬಿಣದ ಪಟ್ಟೆಕಲ್ಲು ನೋಡೋಕೆ ಹೋದಾಗಂತೂ ಮ್ಯಾಗ್ನೆಟೈಟ್ ಇರೋ ಕಲ್ಲಿನ ಹತ್ರ ದಿಕ್ಸೂಚಿ ಮುಳ್ಳೇ ತಿರುಗಿಬಿಡತ್ತೆ, ಅಲ್ಲಿ ಸೂರ್ಯ ಮತ್ತು ಮ್ಯಾಪ್ ನೋಡಿ ದಿಕ್ಕು ಹಿಡೀಬೇಕು.

ಕೊನೆಗೆ ಬಂಡೆಯಲ್ಲಿ ನೀರು ಕೊರೆದ ಗುಂಡಿಗಳು. ಸುಳಿ ನೀರಲ್ಲಿ ಸಿಕ್ಕಿಬಿದ್ದ ಕಲ್ಲು ಒಂದೇ ಜಾಗದಲ್ಲಿ ತಿರುಗಿ ತಿರುಗಿ ಒರಳು ಥರ ಅರೆದಿರೋದು. ಒಣಗಿರೋ ಗುಂಡಿ ಆರಿಸಿ ಬಾಯಿ ಅಗಲ, ಆಳ ಅಳೀರಿ, ತಳದಲ್ಲಿ ಉರುಟು ಕಲ್ಲು ಇದ್ರೆ ಅದು ಸುತ್ತಲಿನ ಬಂಡೆ ಜಾತಿನಾ ಬೇರೆನಾ ನೋಡಿ, ಬೇರೆ ಆದ್ರೆ ಮೇಲಿನಿಂದ ಹೊಳೆ ಹೊತ್ತು ತಂದಿರೋದು. ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಆಯಸ್ಕಾಂತವನ್ನ ದಡದ ಮರಳಲ್ಲಿ ಎಳೆದು ನೋಡಿ, ಕಪ್ಪು ಪುಡಿ ಮೀಸೆ ಥರ ಅಂಟ್ಕೊಳ್ಳತ್ತೆ, ಕವರ್ ಬಿಚ್ಚಿದ್ರೆ ಉದುರತ್ತೆ. ಕವರ್ ಇಲ್ಲದೆ ಎಳೆದ್ರೆ ಆ ಆಯಸ್ಕಾಂತ ಕ್ಲೀನ್ ಮಾಡೋಕೆ ವಾರ ಬೇಕು.

ಅಪಾಯದ ಗುರುತುಗಳು: ಹಸಿರು ಅಥವಾ ಕಪ್ಪು ಪಾಚಿ ಕಟ್ಟಿರೋ ಒದ್ದೆ ಬಂಡೆ ಮೇಲೆ ಕಾಲಿಡ್ಬೇಡಿ. ನೀರು ತುಂಬಿದ ಗುಂಡಿಗೆ ಇಳೀಬೇಡಿ, ತಳ ಕಂಡ್ರೂ ಆಳ ಮೋಸ ಮಾಡತ್ತೆ. ಮೇಲಿನ ಕಡೆ ಮೋಡ ಕಟ್ಟಿದ್ರೆ, ತಿಳಿ ನೀರು ಇದ್ದಕ್ಕಿದ್ದಂಗೆ ಕೆಂಪಾದ್ರೆ, ಕಸಕಡ್ಡಿ ತೇಲಿ ಬರೋಕೆ ಶುರು ಆದ್ರೆ ಅಳತೆ ಅರ್ಧಕ್ಕೆ ಬಿಟ್ಟು ದಡ ಹತ್ತಿ.

## ಹಂತ 7: ಸ್ಟಾಪ್ ಎರಡು, ಜಂಬಿಟ್ಟಿಗೆ

ಮಲೆನಾಡಲ್ಲಿ ಹುಟ್ಟಿದೋರು ಜಂಬಿಟ್ಟಿಗೆ ಗೋಡೆ ನೋಡ್ದೆ ಬೆಳೆದಿರಲ್ಲ, ಆದ್ರೂ ಇದನ್ನ ಶಿಲೆ ಅಂತ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಕರಾವಳಿ ಕಡೆ ಮುರಕಲ್ಲು, ಕೆಂಪುಕಲ್ಲು ಅಂತಾರೆ, ಪುಸ್ತಕದಲ್ಲಿ ಲ್ಯಾಟರೈಟ್.

ಕಡಿದ ಗುಡ್ಡದ ಎದುರು ನಿಂತು ಮೇಲಿಂದ ಕೆಳಕ್ಕೆ ಓದಿ. ಮೇಲೆ ಗಟ್ಟಿ ಕಂದು-ಕೆಂಪು ಚಿಪ್ಪು, ಅದರಡಿ ಸಂದಿಗೊಂದಿಯಲ್ಲಿ ಹಳದಿ ಬಿಳಿ ಮಣ್ಣು ತುಂಬಿದ ಮೆತ್ತನೆ ಭಾಗ, ಇನ್ನೂ ಕೆಳಗೆ ಬಿಳಿ-ಗುಲಾಬಿ ಬಣ್ಣದ ಶೇಡಿ ಮಣ್ಣು, ಅದೃಷ್ಟ ಚೆನ್ನಾಗಿದ್ರೆ ಅದರಡಿ ಅರ್ಧ ಕೊಳೆತ ಮೂಲ ಬಂಡೆ, ಅದರಲ್ಲಿ ಹಳೇ ಪಟ್ಟೆ ಇನ್ನೂ ಕಾಣತ್ತೆ, ಬೆರಳಲ್ಲಿ ಒತ್ತಿದ್ರೆ ಪುಡಿ ಆಗತ್ತೆ. ಎಲ್ಲ ಕಡೆ ಎಲ್ಲ ಪದರ ಸಿಗಲ್ಲ, ಸಿಕ್ಕಿದ್ದಷ್ಟನ್ನ ಟೇಪ್ ಹಿಡಿದು ಅಳೆದು ಒಂದು ಉದ್ದ ಕಂಬದ ಚಿತ್ರ ಬರೀರಿ. ಕಾರಣ ಸರಳ: ಬಿಸಿಲು, ಜೋರು ಮಳೆ, ಮತ್ತೆ ಒಣ ಕಾಲ, ಹೀಗೆ ಲಕ್ಷಾಂತರ ವರ್ಷ ನಡೆದಾಗ ಸಿಲಿಕಾ, ಕ್ಯಾಲ್ಸಿಯಂ, ಸೋಡಿಯಂ ಇವೆಲ್ಲ ನೀರಲ್ಲಿ ತೊಳೆದು ಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್ ಉಳ್ಕೊಳ್ಳತ್ತೆ. ನೆಲದಿಂದ ಆಗಷ್ಟೇ ತೆಗೆದ ಕಲ್ಲು ಕತ್ತಿಗೆ ಬಗ್ಗತ್ತೆ, ಗಾಳಿ ಬಿಸಿಲಿಗೆ ಇಟ್ಟ ಮೇಲೆ ಗಟ್ಟಿ ಆಗತ್ತೆ, ಮನೆ ಕಟ್ಟೋರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಕಲ್ಲು ತೆಗೆಯೋರು ಸಿಕ್ಕಿದ್ರೆ ಅವರನ್ನ ಮಾತಾಡ್ಸಿ, ಯಾವ ಪದರದ ಕಲ್ಲು ಗೋಡೆಗೆ ಬರತ್ತೆ ಯಾವುದು ಬರಲ್ಲ ಅಂತ ಅವರು ಹೇಳೋದು ಹಾಗೇ ಬರ್ಕೊಳ್ಳಿ.

ಇಲ್ಲಿನ ಮಾಮೂಲಿ ತಪ್ಪು: ತೂತುಗಳನ್ನ ನೋಡಿ "ಜ್ವಾಲಾಮುಖಿ ಲಾವಾ, ಗ್ಯಾಸ್ ಗುಳ್ಳೆ" ಅನ್ನೋದು. ಗ್ಯಾಸ್ ಗುಳ್ಳೆ ಬಿಡಿ ಬಿಡಿಯಾಗಿ ಹೆಚ್ಚುಕಮ್ಮಿ ಗುಂಡಗೆ ಇರತ್ತೆ. ಜಂಬಿಟ್ಟಿಗೆ ತೂತು ಹುಳು ಕೊರೆದ ಹಾಗೆ ಸೊಟ್ಟಂಬಟ್ಟ, ಒಂದಕ್ಕೊಂದು ಸೇರ್ಕೊಂಡಿರತ್ವೆ, ಒಳಗೆ ಮಣ್ಣು ಇರತ್ತೆ. ಟೈಲ್ಸಿನ ಮೇಲೆ ಉಜ್ಜಿ: ಕೆಂಪು-ಕಂದು ಗೆರೆ ಬಂದ್ರೆ ಹೆಮಟೈಟ್ ಜಾಸ್ತಿ, ಹಳದಿ-ಕಂದು ಬಂದ್ರೆ ಗೋಥೈಟ್, ಎರಡೂ ಕಬ್ಬಿಣದ ಖನಿಜಗಳೇ. ಹೊರಗಿನ ಬಣ್ಣಕ್ಕಿಂತ ಈ ಗೆರೆ ಬಣ್ಣವನ್ನೇ ನಂಬಿ.

ಕ್ವಾರಿಯ ಗೋಡೆಗೆ ಅದು ಎಷ್ಟು ಎತ್ತರ ಇದ್ಯೋ ಅಷ್ಟಾದ್ರೂ ದೂರ ಇರಿ, ಅಳತೆಗೆ ಹೋಗೋದು ಎದೆ ಎತ್ತರದ ಕಡಿತಕ್ಕೆ ಮಾತ್ರ. ಮೇಲೆ ಅಂಚಲ್ಲಿ ಹೊಸ ಬಿರುಕು, ಬುಡದಲ್ಲಿ ಹಸಿ ಮಣ್ಣಿನ ಗುಡ್ಡೆ, ನೀರು ಜಿನುಗೋದು, ಮರ ವಾಲಿರೋದು, ಇದರಲ್ಲಿ ಯಾವುದು ಕಂಡ್ರೂ ಹಿಂದೆ ಬನ್ನಿ. ಕಲ್ಲಿನ ಸಂದಿಗೆ ಬರಿಗೈ ಹಾಕ್ಬೇಡಿ, ಹಾವು ಚೇಳು ಇರತ್ವೆ.

## ಹಂತ 8: ಸ್ಯಾಂಪಲ್ ತೆಗೆಯೋದು

ಒಂದು ಸ್ಟಾಪಿಗೆ ಒಂದು ಅಥವಾ ಎರಡು, ಮುಷ್ಟಿ ಗಾತ್ರ, ಒಂದು ಮುಖ ಹೊಸದು ಒಂದು ಮುಖ ಹಳಸಿದ್ದು ಇರಲಿ. ಹೊಡೆಯುವಾಗ ಬಂಡೆಯ ಚಪ್ಪಟೆ ಮುಖಕ್ಕಲ್ಲ, ಅಂಚಿಗೆ, ಮೈಯಿಂದ ಆಚೆ ಕಡೆಗೆ. ಉಳಿದೋರು ನಾಲ್ಕು ಮೀಟರ್ ದೂರ.

ಈಗ ಎಲ್ಲರೂ ಬಿಟ್ಟುಬಿಡೋ ಕೆಲಸ. ಕಲ್ಲು ಕೈಗೆ ಬಂದ ನಿಮಿಷದಲ್ಲೇ, ಅಲ್ಲೇ ನಿಂತು, ಅದರ ಮೇಲೆ ವೈಟ್ನರ್ ಒಂದು ಚುಕ್ಕೆ, ಒಣಗಿದ ಮೇಲೆ ಮಾರ್ಕರಲ್ಲಿ ನಂಬರ್: ತೀ-2-ಕ ಅಂದ್ರೆ ತೀರ್ಥಹಳ್ಳಿ, ಎರಡನೇ ಸ್ಟಾಪ್, ಮೊದಲ ಕಲ್ಲು. ಅದೇ ನಂಬರ್ ಪುಸ್ತಕದಲ್ಲಿ, ಚಿತ್ರದಲ್ಲಿ ಎಲ್ಲಿಂದ ತೆಗೆದ್ರಿ ಅನ್ನೋ ಜಾಗದಲ್ಲಿ, ಪೇಪರ್ ಸುತ್ತಿದ ಮೇಲೆ ಪೇಪರಲ್ಲೂ. ನಾಲ್ಕು ಕಡೆ ಒಂದೇ ನಂಬರ್. ಬಸ್ಸಲ್ಲಿ ಬರಿತೀವಿ ಅಂದ್ರೆ ಬರೆಯಲ್ಲ, ನನ್ನ 22 ಕಲ್ಲು ಹೋಗಿದ್ದು ಇದೇ ಮಾತಿಂದ. ಫೋಟೋದಲ್ಲೂ ಪಕ್ಕದಲ್ಲಿ ಪೆನ್ನೋ ಸ್ಕೇಲೋ ಇಡಿ, ಇಲ್ಲದಿದ್ರೆ ಬೆಟ್ಟಾನೋ ಬೆಣಚುಕಲ್ಲೋ ಗೊತ್ತಾಗಲ್ಲ.

## ಹಂತ 9: ಸ್ಟಾಪ್ ಮೂರು, ಆಗುಂಬೆ ಅಂಚು

ಇಲ್ಲಿ ಸುತ್ತಿಗೆ ಇಲ್ಲ, ಸ್ಯಾಂಪಲ್ ಇಲ್ಲ, ಬರೀ ಕಣ್ಣು ಮತ್ತು ಪೆನ್ಸಿಲ್. ವ್ಯೂ ಪಾಯಿಂಟಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ನೆಲ ಇದ್ದಕ್ಕಿದ್ದಂತೆ ಮುಗಿದು ಕರಾವಳಿ ಕೆಳಗೆ ಕಾಣತ್ತೆ. ತಿರುಗಿ ಪೂರ್ವಕ್ಕೆ ನೋಡಿದ್ರೆ ಅಷ್ಟು ಇಳಿಜಾರಿಲ್ಲ. ಎರಡೂ ಕಡೆ ನೆಲ ಹೇಗೆ ಇಳಿಯತ್ತೆ ಅನ್ನೋದನ್ನ ಪಕ್ಕದಿಂದ ನೋಡಿದ ಹಾಗೆ ಒಂದೇ ಪುಟದಲ್ಲಿ ಗೆರೆ ಚಿತ್ರ ಬರೀರಿ. ಆಮೇಲೆ ಮ್ಯಾಪ್ ತೆಗೆದು ನದಿಗಳನ್ನ ಹಿಂಬಾಲಿಸಿ: ಬೆಳಿಗ್ಗೆ ನೋಡಿದ ತುಂಗೆ ಸಮುದ್ರ ಇಷ್ಟು ಹತ್ರ ಇದ್ರೂ ಪೂರ್ವಕ್ಕೆ ತಿರುಗಿ ಕೂಡಲಿಯಲ್ಲಿ ಭದ್ರೆಯನ್ನ ಸೇರಿ ಕೊನೆಗೆ ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಗೆ ಹೋಗತ್ತೆ, ಆಗುಂಬೆ ಸೀಮೆಯಲ್ಲೇ ಹುಟ್ಟೋ ಸೀತಾ ನದಿ ಪಶ್ಚಿಮಕ್ಕೆ ಧುಮುಕಿ ಅರಬ್ಬೀ ಸಮುದ್ರ ಸೇರತ್ತೆ. ನಡುವೆ ಇರೋ ಆ ಏಣು ಎಲ್ಲಿ ಅಂತ ಮ್ಯಾಪಲ್ಲಿ ಗೆರೆ ಎಳೆಯೋದೇ ಈ ಸ್ಟಾಪಿನ ಕೆಲಸ. ಘಾಟಿಯ ತಿರುವುಗಳಲ್ಲಿ ಬಸ್ ನಿಲ್ಲಿಸಿ ಬಂಡೆ ನೋಡೋಣ ಅನ್ನೋ ಆಸೆ ಬೇಡ, ಅಲ್ಲಿ ಗಾಡಿಗಳಿಗೆ ಜಾಗ ಇಲ್ಲ.

## ಹಂತ 10: ವಾಪಸ್ ಬಂದ ರಾತ್ರಿ ಮತ್ತು ಆಮೇಲಿನ ವಾರ

ಬಸ್ ಹತ್ತೋಕೆ ಮುಂಚೆ ಸ್ಯಾಂಪಲ್ ನಂಬರ್ ಕೂಗಿ ಪುಸ್ತಕದ ಜೊತೆ ಹೊಂದಿಸಿ. ರಾತ್ರಿ ಎಷ್ಟೇ ಸುಸ್ತಾಗಿದ್ರೂ ಅರ್ಧ ಗಂಟೆ ಕೂತು ಅರ್ಧಕ್ಕೆ ಬಿಟ್ಟ ವಾಕ್ಯ ಪೂರ್ತಿ ಮಾಡಿ, ಆದ್ರೆ ಫೀಲ್ಡಲ್ಲಿ ಬರೆದಿದ್ದನ್ನ ಅಳಿಸ್ಬೇಡಿ, ತಪ್ಪಿದ್ರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿ ಬರೀರಿ. ಮಣ್ಣು ಮೆತ್ತಿದ ಪುಸ್ತಕಾನೇ ರಿಪೋರ್ಟ್ ಜೊತೆ ಕೊಡಿ, ಚಂದ ಮಾಡಿ ಕಾಪಿ ಮಾಡಿದ್ದಲ್ಲ.

ರಿಪೋರ್ಟಲ್ಲಿ "ಬೆಳಿಗ್ಗೆ ಎದ್ದು ತಿಂಡಿ ತಿಂದು" ಬೇಡ. ಪ್ರತಿ ಸ್ಟಾಪಿಗೆ ಕಂಡಿದ್ದು ಒಂದು ಕಡೆ, ಅದರಿಂದ ನಾವು ಊಹೆ ಮಾಡಿದ್ದು ಇನ್ನೊಂದು ಕಡೆ. "ಪಟ್ಟೆಗಳು 40 ಡಿಗ್ರಿ ವಾಲಿವೆ" ಅನ್ನೋದು ಕಂಡಿದ್ದು, "ಒತ್ತಡದಿಂದ ವಾಲಿವೆ" ಅನ್ನೋದು ಊಹೆ. ಎರಡನ್ನ ಬೆರೆಸಿದ ರಿಪೋರ್ಟ್ ನಾನು ವಾಪಸ್ ಕೊಡ್ತೀನಿ.

ಕಡೇ ಕೆಲಸ, ಮೇಷ್ಟ್ರಾಗೋರಿಗೆ ಮಾತ್ರ. ಸ್ವೀಟ್ ಬಾಕ್ಸಿನ ಥರದ ಒಂದು ಡಬ್ಬದಲ್ಲಿ ರಸ್ತೆ ಬದಿ ಕಡಿತದಲ್ಲಿ ತೆಗೆದ ನೈಸ್ ಒಂದು, ಜಂಬಿಟ್ಟಿಗೆ ಒಂದು, ಶೇಡಿ ಒಂದು ಮುದ್ದೆ, ಕಪ್ಪು ಮರಳಿನ ಒಂದು ಸಣ್ಣ ಸೀಸೆ ಇಡಿ, ಜೊತೆಗೆ ಲೆನ್ಸ್, ಟೈಲ್ಸ್, ಆಯಸ್ಕಾಂತ. ಹೆಸರಿನ ಚೀಟಿ ಅಂಟಿಸ್ಬೇಡಿ, ನಂಬರ್ ಮಾತ್ರ ಇರಲಿ. ಮೊದಲ ಪೀರಿಯಡ್ಡಲ್ಲಿ ಮಕ್ಕಳ ಕೈಗೆ ಕೊಟ್ಟು ಏನು ಕಾಣತ್ತೆ ಅಂತ ಬರೆಸಿ, ಎರಡನೇ ಪೀರಿಯಡ್ಡಲ್ಲಿ ಗೀಚಿಸಿ, ಉಜ್ಜಿಸಿ, ಮೂರನೇದ್ರಲ್ಲಿ ನಿಮ್ಮ ಫೀಲ್ಡ್ ಚಿತ್ರ ಬೋರ್ಡ್ ಮೇಲೆ ಬರೆದು ಯಾವ ನಂಬರ್ ಎಲ್ಲಿ ಕೂರತ್ತೆ ಅಂತ ಅವರನ್ನೇ ಕೇಳಿ. ಹೆಸರು ಅವರು ಕೇಳಿದಾಗ ಹೇಳಿದ್ರೆ ಸಾಕು.